ಸತ್ತ ನಾಯಿಗೂ ಒಂದು ಪಾಲು

ನಮ್ಮ ಮನೆಯಲ್ಲಿ ಅದನ್ನು ಇವತ್ತಿಗೂ ಷಿಕಾರಿ ಅಂತಲೇ ಕರೆಯುವುದು. ನಾನು ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ನಮ್ಮ ಗಂಡಸರು ಷಿಕಾರಿ ಮಾಡಿದ ಅತಿ ದೊಡ್ಡ ಪ್ರಾಣಿ ಏಡಿ. ಅದೂ ಹೊಡೆದಿದ್ದಲ್ಲ, ಹಳ್ಳದಲ್ಲಿ ಕಲ್ಲು ಮಗುಚಿ ಹಿಡಿದಿದ್ದು. ಹಂದಿ, ಕಡವೆ ಎಲ್ಲ ನಮ್ಮ ಮಾವನವರ ಕಾಲದ ಕಥೆ. ಈಗ ಕಾಡುಪ್ರಾಣಿಯ ಮೇಲೆ ಕೈಮಾಡಿದರೆ ನೇರ ಜೈಲು, ಅದು ಇವರಿಗೆ ಚೆನ್ನಾಗಿ ಗೊತ್ತು. ಮಾಡುವ ಮನಸ್ಸೂ ಇಲ್ಲ, ಮಾಡುವ ಮಂಡಿಯೂ ಇಲ್ಲ. ಆದರೆ ಮೂರು ಜನ ಗಂಡಸರು, ಮೂವರ ವಯಸ್ಸು ಕೂಡಿದರೆ ಹತ್ತಿರ ಹತ್ತಿರ ಇನ್ನೂರು, ಏಡಿ ಹಿಡಿಯುವುದಕ್ಕೆ ಮೂರು ರಾತ್ರಿ ಬೆಟ್ಟದಲ್ಲಿ ಮಲಗುತ್ತೇವೆ ಅಂತ ಊರಲ್ಲಿ ಹೇಳಿಕೊಳ್ಳುವುದು ಹೇಗೆ? ಅದಕ್ಕೇ ಷಿಕಾರಿ.

ಮೂವರಲ್ಲಿ ಒಬ್ಬರು ನಮ್ಮನೆಯವರು. ಇನ್ನೊಬ್ಬರು ಅವರ ಅಣ್ಣ, ನನಗೆ ಭಾವ, ಎಪ್ಪತ್ತು ದಾಟಿದವರು, ನಮ್ಮ ಜೊತೆಯಲ್ಲೇ ಇದ್ದಾರೆ. ಮೂರನೆಯವರು ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ರೈಟರ್ ಆಗಿದ್ದವರು. ಬೆಳಿಗ್ಗೆ ಕೆಲಸದವರ ಹಾಜರಿ ಬರೆದು, ಸಂಜೆ ಅವರು ಕುಯ್ದ ಕಾಫಿ ಹಣ್ಣಿನ ಚೀಲ ತೂಗಿ, ಅದರಲ್ಲೇ ತಲೆ ಹಣ್ಣಾದವರು. ಕೆಲಸ ಬಿಟ್ಟು ಆರು ವರ್ಷವಾದರೂ ಊರಿಗೆಲ್ಲ ಅವರು ರೈಟರೇ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಳ್ಳದೆ ಮದುವೆ ಮನೆಗೂ ಹೋಗುವುದಿಲ್ಲ.

ಹೋಗುವ ಜಾಗ ಹೆತ್ತೂರಿನಿಂದ ಮೇಲೆ, ನಮ್ಮದೇ ಹಳೇ ಏಲಕ್ಕಿ ಮಲೆ. ರೋಗ ಬಂದು ಏಲಕ್ಕಿ ಹೋದ ಮೇಲೆ ಅಲ್ಲಿ ಉಳಿದಿರುವುದು ಒಂದು ಹಳ್ಳ, ಹಳ್ಳದ ಪಕ್ಕ ಮನೆಯಷ್ಟೆತ್ತರದ ಒಂದು ಬಂಡೆ, ಬಂಡೆಯ ನೆತ್ತಿಯಲ್ಲಿ ನಾಲ್ಕಾರು ಜನ ಮಲಗುವಷ್ಟು ಚಪ್ಪಟೆ ಜಾಗ. ಆನೆ ಹತ್ತುವುದಿಲ್ಲ ಅನ್ನುವುದೇ ಆ ಬಂಡೆಯ ದೊಡ್ಡ ಗುಣ. ಇದೆಲ್ಲ ನಾನು ಕೇಳಿ ತಿಳಿದಿದ್ದು. ಜೀಪು ಅರ್ಧ ದಾರಿಗೇ ನಿಲ್ಲುತ್ತದೆ, ಆಮೇಲೆ ಎರಡು ಗಂಟೆ ಏರು. ಕಾಫಿ ಕೊಯ್ಲು ಮುಗಿದು ಗಿಡ ಹೂವಾಗಿಸುವ ಹೂಮಳೆಗೆ ಕಾಯುತ್ತಾ ಕೂತಿರುವ ಹದಿನೈದು ದಿನದ ಬಿಡುವಿನಲ್ಲಿ ಹೋಗಿ ಬರುತ್ತಾರೆ.

ಹಿಡಿದದ್ದನ್ನು ಮನೆಗೆ ತಂದು ಪಾಲು ಹಾಕುವುದರಲ್ಲಿ ಮಾತ್ರ ಹಳೇ ಷಿಕಾರಿಯ ಕಾನೂನು ಒಂದಿಷ್ಟೂ ಸಡಿಲವಾಗಿಲ್ಲ. ಹಿಂದೆ ಹಂದಿ ಬಿದ್ದರೆ ಹೋದವರಿಗೆಲ್ಲ ಒಂದೊಂದು ಪಾಲು, ಕೋವಿಗೆ ಒಂದು ಪಾಲು, ನಾಯಿಗೆ ಒಂದು ಪಾಲು. ಈಗ ಏಡಿಯನ್ನೂ ಹಾಗೇ ಎಲೆಯ ಮೇಲೆ ಗುಪ್ಪೆ ಹಾಕುತ್ತಾರೆ. ಕೋವಿಯ ಪಾಲು ಭಾವನಿಗೆ, ಲೈಸೆನ್ಸ್ ಅವರ ಹೆಸರಿನಲ್ಲಿದೆ. ಆ ಕೋವಿಯೋ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂರುತ್ತದೆ. ಚುನಾವಣೆಗೆ ನಮ್ಮಲ್ಲಿ ಬರವಿಲ್ಲ. ಹಾಗಾಗಿ ಅದು ಗೋಡೆಯ ಮೊಳೆಯಲ್ಲಿ ಇದ್ದದ್ದಕ್ಕಿಂತ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ನಾಯಿಯ ಪಾಲು ರೈಟರಿಗೆ. ನಾಯಿ ಸತ್ತು ಒಂಬತ್ತು ವರ್ಷವಾಯಿತು. ಬದುಕಿದ್ದಾಗಲೂ ಅದು ಒಂದು ಸಲ ಮೂಗಿಗೆ ಕಚ್ಚಿಸಿಕೊಂಡ ಮೇಲೆ ಏಡಿ ಕಂಡರೆ ಬಾಲ ಮಡಚಿ ಓಡುತ್ತಿತ್ತು.

ಠಾಣೆಯಲ್ಲಿ ಕೂತ ಕೋವಿಗೆ ಪಾಲುಂಟು. ಸತ್ತ ನಾಯಿಗೆ ಪಾಲುಂಟು. ವಾರದಿಂದ ಸೊಂಟ ಮುರಿದು ಗಂಟು ಕಟ್ಟಿಕೊಡುವ ನನಗಿಲ್ಲ. ಏಡಿ ಸಾರು ಮಾಡುವವಳು ನಾನೇ, ಉಣ್ಣುವಾಗ ನನಗೂ ಸಿಗುತ್ತದೆ, ಅದು ಬೇರೆ ಮಾತು. ಹೋದವರಿಗೆ ಮಾತ್ರ ಪಾಲು ಅನ್ನುವುದು ಕಾನೂನು, ನಾನು ಹೋದವಳಲ್ಲ. ನನಗೆ ಹೋಗಬೇಕಿತ್ತು. ಏಡಿಗಾಗಿ ಅಲ್ಲ. ಇಪ್ಪತ್ತಾರು ವರ್ಷ ಒಂದು ಜಾಗಕ್ಕೆ ಅಂತ ಗಂಟು ಕಟ್ಟಿ, ಆ ಜಾಗ ಹೇಗಿದೆ ಅಂತಲೇ ಗೊತ್ತಿಲ್ಲದಿರುವುದು ನನಗೆ ವರ್ಷ ವರ್ಷಕ್ಕೂ ಹೆಚ್ಚು ಉರಿಯುತ್ತಿತ್ತು.

ತಯಾರಿ ಪೂರಾ ನನ್ನ ಇಲಾಖೆ. ನಾನು ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವಳು, ಹೊಲಿಗೆ ಮಿಷನ್ ಜೊತೆ ಮದುವೆಯಾಗಿ ಬಂದವಳು. ಇವರು ಬೆನ್ನಿಗೆ ಹಾಕಿಕೊಳ್ಳುವ ಮೂರು ಚೀಲಗಳೂ ನನ್ನ ಕೈಕೆಲಸ. ಒಳಗೆ ಕಾಫಿ ಗೋಣಿ, ಹೊರಗೆ ಹಳೇ ಛತ್ರಿಗಳ ಬಟ್ಟೆ, ಹೆಗಲಿಗೆ ಹರಿದ ಸ್ಕೂಲ್ ಬ್ಯಾಗಿನ ಪಟ್ಟಿ. ಜನವರಿ ಕೊನೆಯಲ್ಲಿ ಅಟ್ಟದಿಂದ ಟಾರ್ಪಾಲು ಇಳಿಸಿ ಅಂಗಳದಲ್ಲಿ ಹಾಸಿ, ಇಲಿ ಕಡಿದ ತೂತುಗಳಿಗೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸುತ್ತೇನೆ. ಹಣೆಗೆ ಕಟ್ಟುವ ಟಾರ್ಚುಗಳನ್ನು ಕರೆಂಟು ಇದ್ದಾಗ ಚಾರ್ಜಿಗೆ ಹಾಕುತ್ತೇನೆ. ಕರೆಂಟು ಯಾವಾಗ ಇರುತ್ತದೆ ಅಂತ ಕಾಯುವುದೇ ಒಂದು ಕೆಲಸ. ಬೆಂಕಿಕಡ್ಡಿ ಮಾತ್ರೆ ಡಬ್ಬಿಯಲ್ಲಿ, ಉಪ್ಪು ಎರಡು ಕಡೆ, ಕತ್ತಿಗೆ ಸಾಣೆ, ಹಗ್ಗ. ಬೇಸಿಗೆ ಶುರುವಾದರೆ ಕಾಡಿನಲ್ಲಿ ಉಣುಗು, ಅಂದರೆ ಉಣ್ಣೆಹುಳ, ಜಾಸ್ತಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಹತ್ತಿಕೊಂಡರೆ ಜ್ವರವೂ ಬರುತ್ತದೆ. ಅದಕ್ಕೆ ಕಾಲಿಗೆ ಹಚ್ಚುವ ಎಣ್ಣೆ, ಉದ್ದ ಕಾಲುಚೀಲ. ಭಾವನಿಗೆ ಇಂಬಳಕ್ಕೆ, ರಕ್ತ ಹೀರುವ ಜಿಗಣೆಗೆ, ಅಂತ ಹೊಗೆಸೊಪ್ಪು-ಸುಣ್ಣದ ಪೊಟ್ಟಣವೂ ಬೇಕು. ಮಳೆಯಿಲ್ಲದ ಒಣ ಕಾಲದಲ್ಲಿ ಇಂಬಳ ಎಲ್ಲಿಂದ ಬರಬೇಕು ಅಂತ ಕೇಳಿದರೆ, "ಬಂದ್ರೆ ಏನ್ ಮಾಡ್ತೀಯ?" ಅನ್ನುತ್ತಾರೆ. ಕಟ್ಟಿಕೊಡುತ್ತೇನೆ. ಬಾಟಲಿ ಒಡೆಯದ ಹಾಗೆ ಬನಿಯನ್ನಿನಲ್ಲಿ ಸುತ್ತಿಡುವವಳೂ ನಾನೇ. ನಮ್ಮನೆಯವರು ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಬನಿಯನ್ನು ತಾನಾಗಿ ಸುತ್ತಿಕೊಂಡಿತು ಅಂದುಕೊಂಡಿದ್ದಾರೋ ಏನೋ.

ಆಮೇಲೆ ಬುತ್ತಿ. ಪಾಪ, ಗಂಡಸರು, ಒಂದು ಲೋಟ ನೀರು ಕಾಯಿಸಿಕೊಳ್ಳಲು ಬಾರದವರು, ಕಾಡಿನಲ್ಲಿ ಏನು ಮಾಡಿಕೊಂಡು ತಿಂದಾರು ಅಂತ ಮೂರು ದಿನಕ್ಕಾಗುವಷ್ಟು ಅಕ್ಕಿ ರೊಟ್ಟಿ ತಟ್ಟಿ, ಒಣಗಿಸಿದ ಹಾಗೆ ಸುಟ್ಟು, ಬಟ್ಟೆಯಲ್ಲಿ ಕಟ್ಟುತ್ತೇನೆ. ಕೋಡುಬಳೆ, ಚಟ್ನಿಪುಡಿ, ಹುರಿದ ಅವಲಕ್ಕಿ. ಹೊರಡುವ ಹಿಂದಿನ ದಿನ ಬೆಳಿಗ್ಗೆಯಿಂದ ಒಲೆ ಮುಂದೆ ಕೂತರೆ ಏಳುವಾಗ ಮಂಡಿ ಲಟಕ್ ಅನ್ನುತ್ತದೆ.

ಇದಕ್ಕೆಲ್ಲ ಒಂದು ಪಟ್ಟಿ ಇದೆ, ಅಡಿಗೆ ಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದು. ಬರೆದವಳು ಭಾವನ ಹೆಂಡತಿ. ನನಗಿಂತ ಹದಿನಾರು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಅವಳಿಗೆ ಕೈಲಾಗದೇ ಹೋದ ಮೇಲೆ, ಅಲ್ಲಿಯವರೆಗೂ ಜೊತೆಗೆ ಗಂಟು ಕಟ್ಟುತ್ತಿದ್ದ ನಾನು ಒಬ್ಬಳೇ ನಿಭಾಯಿಸಲಿ ಅಂತ ಬರೆದಿಟ್ಟ ಪಟ್ಟಿ ಅದು. "ಹಗ್ಗ ಒಂದು ಸಾಕು, ಎರಡು ಕೇಳ್ತಾರೆ, ಕೊಟ್ಟುಬಿಡು." "ಕನ್ನಡಕ ಕೇಳಬೇಡ, ಜೇಬಲ್ಲಿ ನೀನೇ ಹಾಕು." "ರೈಟರಿಗೆ ಖಾರ ಆಗಲ್ಲ, ಆದರೂ ತಿಂತಾನೆ, ಮಾತ್ರೆ ಇಡು." ಅಕ್ಕ ಹೋಗಿ ಎರಡು ವರ್ಷವಾಯಿತು. ಬೆಟ್ಟದ ಆ ಬಂಡೆಯನ್ನು ಒಂದು ದಿನವೂ ನೋಡದೇ ಹೋದಳು. ಈ ವರ್ಷ ಪಟ್ಟಿ ನೋಡುತ್ತಾ ಟಾರ್ಪಾಲಿಗೆ ಟ್ಯೂಬು ಅಂಟಿಸುತ್ತಿದ್ದವಳಿಗೆ ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು. ನಾನೂ ಹೀಗೇ ಪಟ್ಟಿ ಬರೆದಿಟ್ಟು ಹೋಗುವವಳಾ ಅನ್ನಿಸಿತು.

ಅವತ್ತು ಸಂಜೆ ರೈಟರು ತಯಾರಿಯ ಮಾತಿಗೆ ಅಂತ ಬಂದಿದ್ದರು. ಮೂವರಿಗೂ ಕಾಫಿ ಕೊಟ್ಟು, ನಾನು ಒಳಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತೇ ಹೇಳಿದೆ.

"ಈ ಸಲ ನಾನೂ ಬತ್ತೀನಿ."

"ಎಲ್ಲಿಗೆ?" ಅಂದರು ಭಾವ.

"ಷಿಕಾರಿಗೆ."

ನಮ್ಮನೆಯವರ ಕಾಫಿ ನೆತ್ತಿಗೇರಿತು. ಆಮೇಲೆ ಮೂವರೂ ಒಟ್ಟಿಗೇ ಶುರು ಮಾಡಿದರು.

"ಹಸ ಯಾರ್ ಕರೀತಾರೆ?" ಅಂದರು ನಮ್ಮನೆಯವರು.

"ಪಕ್ಕದ ಮನೆಯವಳಿಗೆ ಹೇಳಿದೀನಿ."

"ಉಣುಗು ಹತ್ತುತ್ತೆ ಕಣೇ."

"ನಿಮಗೆ ಹತ್ತಲ್ವಾ? ಎಣ್ಣೆ ಮಾಡ್ಕೊಡೋಳು ನಾನೇ ತಾನೆ?"

"ಆನೆ ಐತೆ ಕಣಮ್ಮ" ಅಂದರು ರೈಟರು, ತುಂಬ ಕಾಳಜಿಯಿಂದ. "ನಿನ್ನೆ ತಾನೆ ಫೋನಿಗೆ ಫಾರೆಸ್ಟಿನೋರ ಮೆಸೇಜು ಬಂದದೆ."

"ಆನೆ ಹೆಂಗಸ್ರನ್ನೇ ಹುಡುಕ್ಕೊಂಡ್ ಬತ್ತದಾ ರೈಟ್ರೇ?"

ಭಾವ ಲೋಟ ಕೆಳಗಿಟ್ಟರು. ಅವರು ನನ್ನ ಮೇಲೆ ದನಿ ಏರಿಸುವವರಲ್ಲ. ಅದೇ ಕಷ್ಟ. "ಹಂಗಲ್ಲ ಕಣಮ್ಮ. ಪಾಲಿನ ಲೆಕ್ಕ ಕೆಡ್ತದೆ. ಅಪ್ಪನ ಕಾಲದಿಂದ ಬಂದಿದ್ದು."

"ಕೆಡೋದೇನ್ ಬಂತು ಭಾವ? ನಾಯಿ ಪಾಲು ನಂಗೆ ಕೊಡಿ."

"ಅದು ಹೆಂಗಾಯ್ತದೆ? ನಾಯಿ ನಂದು" ಅಂದುಬಿಟ್ಟರು ರೈಟರು. ಅಂದ ಮೇಲೆ ಅವರಿಗೇ ಏನೋ ಅನ್ನಿಸಿ ಕಿವಿಯ ಮೇಲಿನ ಪೆನ್ನು ಮುಟ್ಟಿಕೊಂಡರು.

ಇಷ್ಟು ಹಟ ಯಾಕೆ ಅಂತ ನನಗೆ ನಿಜವಾಗಿಯೂ ತಿಳಿಯಲಿಲ್ಲ. ಕುಡಿಯುವುದು ನನಗೆ ಗೊತ್ತಿರುವ ವಿಷಯ. ಇಸ್ಪೀಟು ಆಡುವುದೂ ಗೊತ್ತು, ಪ್ಯಾಕು ಪಟ್ಟಿಯಲ್ಲೇ ಇದೆ. ಆ ಬಂಡೆಯ ಮೇಲೆ ನಾನು ನೋಡಬಾರದ್ದು ಅಂಥದ್ದೇನಿದೆ?

ಕೊನೆಗೆ ನಮ್ಮನೆಯವರು ಬ್ರಹ್ಮಾಸ್ತ್ರ ತೆಗೆದರು. "ನೋಡು, ಏರು ಅಂದ್ರೆ ಏರು. ಒಬ್ಬೊಬ್ರು ಹನ್ನೆರಡು ಕೆ.ಜಿ. ಹೊರಬೇಕು. ನಿನ್ ಕೈಲಾಗ್ತದಾ?"

"ತೂಗಿ ಕೊಡಿ. ಹೊತ್ಕೊಂಡ್ ಮೇಲೆ ಹತ್ತಿದ್ರೆ ಸರಿ. ಹತ್ತಲಿಲ್ಲ ಅಂದ್ರೆ ಜೀಪಲ್ಲೇ ಕೂತಿರ್ತೀನಿ, ಮೂರ್ ದಿನ."

ತೂಗುವುದು ಅಂದ ಕೂಡಲೇ ರೈಟರ ಮುಖ ಅರಳಿತು. ಆರು ವರ್ಷದಿಂದ ಅವರು ಏನನ್ನೂ ತೂಗಿರಲಿಲ್ಲ. "ಅದು ನ್ಯಾಯ" ಅಂದರು. ರೈಟರೇ ಹೇಳಿದ ಮೇಲೆ ಉಳಿದಿಬ್ಬರೂ ಒಪ್ಪಲೇಬೇಕಾಯಿತು. ಭಾವನ ಮಂಡಿ ನೋಡಿದ ಡಾಕ್ಟರು ಹತ್ತು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು ಅಂದಿದ್ದರು, ಅವರಿಗೆ ಹತ್ತು, ಮಿಕ್ಕವರಿಗೆ ಹನ್ನೆರಡು ಅಂತ ತೀರ್ಮಾನವಾಯಿತು. ನಾನು ಎರಡು ದಿನದಲ್ಲಿ ನಾಲ್ಕನೆಯ ಚೀಲ ಹೊಲಿದೆ. ಹಳೇ ಛತ್ರಿ ಮುಗಿದಿದ್ದರಿಂದ ಹೊರಗಿನ ಬಟ್ಟೆಗೆ ನಮ್ಮನೆಯವರ ರೇನ್‌ಕೋಟನ್ನೇ ಕತ್ತರಿಸಿದೆ. ಅದು ಅವರಿಗೆ ತಿಳಿದದ್ದು ಜೂನ್ ತಿಂಗಳಲ್ಲಿ.

ಹೊರಡುವ ದಿನ ಬೆಳಿಗ್ಗೆ ಆರೂವರೆಗೆ ರೈಟರು ತಮ್ಮ ಕೊಕ್ಕೆಯ ತಕ್ಕಡಿ ತಂದು ಅಂಗಳದ ಸಿಲ್ವರ್ ಓಕ್ ಮರದ ಕೊಂಬೆಗೆ ನೇತುಹಾಕಿದರು. ಕನ್ನಡಕ ಏರಿಸಿ, ಕಾಲು ಅಗಲಿಸಿ ನಿಂತರು. ಮುಖದಲ್ಲಿ ಮೂವತ್ತೈದು ವರ್ಷದ ಗತ್ತು. ಮೊದಲು ಭಾವನ ಚೀಲ. ಮುಳ್ಳು ಹನ್ನೊಂದರಲ್ಲಿ ನಿಂತಿತು.

"ಹನ್ನೊಂದು" ಅಂತ ಕೂಗಿದರು ರೈಟರು. "ಚೀಲದ್ದು ಒಂದು, ಮಂಜಿನ ನೀರಿಂದು ಒಂದು ಕಳೀರಿ. ಒಂಬತ್ತು!"

ಕಾಫಿ ಹಣ್ಣು ತೂಗುವಾಗ ಹೇಳುವ ಮಾತು ಅದು. ಹಣ್ಣಿನ ಜೊತೆ ಚೀಲದ ತೂಕ ಸೇರುತ್ತದೆ ಅಂತ ಒಂದು ಕಳೆಯುವುದು, ಹಣ್ಣಿಗೆ ಇಬ್ಬನಿ ಹತ್ತಿರುತ್ತದೆ ಅಂತ ಇನ್ನೊಂದು ಕಳೆಯುವುದು. ಕುಯ್ದವರು ಗೊಣಗುತ್ತಾರೆ, ರೈಟರು ಕಳೆಯುತ್ತಾರೆ. ನಾನೂ ಮದುವೆಯಾದ ಹೊಸತರಲ್ಲಿ ಕೂಲಿ ಲೈನಿನ ಹೆಂಗಸರ ಜೊತೆ ನಮ್ಮ ತೋಟದ ಹಣ್ಣು ಕುಯ್ಯುತ್ತಿದ್ದವಳು. ಅವರು ಗೊಣಗುವುದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆದರೆ ಹೊರುವ ಚೀಲಕ್ಕೆ ಕಳೆಯುವುದು ಹೇಗೆ? ಚೀಲವನ್ನೂ ಬೆನ್ನೇ ಹೊರಬೇಕಲ್ಲ!

ಭಾವ, ನಮ್ಮನೆಯವರು ಇಬ್ಬರೂ ತೋಟದವರು. ಚಿಕ್ಕಂದಿನಿಂದ ತಕ್ಕಡಿಯ ಮುಂದೆ ನಿಂತು ಆ ಎರಡು ಕಳೆಯುವುದನ್ನು ಕೇಳಿಸಿಕೊಂಡವರು. ಕಳೆದದ್ದು ಯಾವಾಗಲೂ ಅವರ ಕಡೆಗೇ ಸೇರಿದ್ದರಿಂದ ಅದರಲ್ಲಿ ತಪ್ಪು ಅನ್ನುವಂಥದ್ದು ಅವರ ಕಿವಿಗೆ ಬೀಳಲೇ ಇಲ್ಲ. "ಇನ್ನೂ ಒಂದು ಕೆ.ಜಿ. ಜಾಗ ಐತೆ" ಅಂತ ಭಾವ ಖುಷಿಯಾಗಿ ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು ತಂದು ತುರುಕಿದರು. ನಮ್ಮನೆಯವರದ್ದು ಹದಿಮೂರು ಇದ್ದದ್ದು ಹನ್ನೊಂದಾಯಿತು, ಅವರು ಮಡಚುವ ಸ್ಟೂಲು ಕಟ್ಟಿಕೊಂಡರು. ರೈಟರದ್ದು ಹದಿನಾಲ್ಕು, ಕಳೆದು ಸರಿಯಾಗಿ ಹನ್ನೆರಡು. ಅದರಲ್ಲಿ ಏನಿದೆ ಅಂತ ಕೇಳಿದೆ. "ಸಾಮಾನು" ಅಂದರು.

ನನ್ನ ಚೀಲ ಹದಿನಾಲ್ಕು ತೋರಿಸಿತು. "ಕಳೀರಿ, ಹನ್ನೆರಡು! ಪಾಸು!" ಅಂದರು ರೈಟರು. ಎಲ್ಲರೂ ಬೆನ್ನು ತಿರುಗಿಸಿದ ಮೇಲೆ ನಾನು ಎರಡು ಕೆ.ಜಿ. ಸಾಮಾನು ಹೊರಗೆ ತೆಗೆದಿಟ್ಟೆ. ಮಾತು ಕೊಟ್ಟಿದ್ದು ಹನ್ನೆರಡಕ್ಕೆ, ಹನ್ನೆರಡನ್ನೇ ಹೊತ್ತೆ. ಅವರಿಗೆ ತಪ್ಪು ತೋರಿಸಿ ಹೇಳಬಹುದಿತ್ತು. ಹೇಳಲಿಲ್ಲ. ಹೊಟ್ಟೆಯೊಳಗೆ ಅಂಥ ಸುಖ, ಏನು ಮಾಡಲಿ?

ಆ ಸುಖ ಏರಿನ ಮೊದಲ ಮುಕ್ಕಾಲು ಗಂಟೆಯವರೆಗೂ ಇತ್ತು. ಜೀಪು ಇಳಿದಾಗ ಮೂವರೂ ಮುಂದೆ, ನಾನು ಹಿಂದೆ. ಹುಲ್ಲುಗುಡ್ಡ ದಾಟುವ ಹೊತ್ತಿಗೆ ನಾನು ಮುಂದೆ. ನಮ್ಮನೆಯವರು ಹತ್ತು ಹೆಜ್ಜೆಗೊಮ್ಮೆ ನಿಂತು ಪ್ರಕೃತಿ ಸೌಂದರ್ಯ ನೋಡತೊಡಗಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಪ್ರಕೃತಿ ನೋಡಿದ್ದು ನಾನು ಕಂಡದ್ದು ಅವತ್ತೇ. ರೈಟರು ಉಸಿರಿನ ಜೊತೆ ಏನೋ ಲೆಕ್ಕ ಹಾಕುತ್ತಿದ್ದರು. "ಹನ್ನೆರಡು ಇಷ್ಟು ಭಾರ ಇರಲ್ವಲ್ಲ ಮಾರಾಯ" ಅಂದದ್ದು ನನಗೆ ಕೇಳಿಸಿತು. ದೂರದಲ್ಲಿ ಎಡಕುಮೇರಿಯ ಕಡೆ ಗೂಡ್ಸ್ ರೈಲೊಂದು ಏದುಸಿರು ಬಿಡುತ್ತಾ ಘಾಟಿ ಹತ್ತುತ್ತಿತ್ತು. ಇವರು ಮೂವರೂ ಅದಕ್ಕೆ ಸರಿಯಾಗಿ ಜೊತೆ ಕೊಡುತ್ತಿದ್ದರು.

ಆಮೇಲೆ ಹಿಂತಿರುಗಿ ನೋಡಿದರೆ ಭಾವ ದಾರಿಯಲ್ಲೇ ಕೂತುಬಿಟ್ಟಿದ್ದರು. ಮಂಡಿ ಹಿಡಿದುಕೊಂಡಿದ್ದರು. ಮುಖ ಬೂದಿಯಾಗಿತ್ತು. "ಏನಿಲ್ಲ ಕಣಮ್ಮ, ವಯಸ್ಸಾಯ್ತು. ನೀವು ಹೋಗ್ರಿ, ನಾನು ಇಲ್ಲಿಂದ್ಲೇ ವಾಪಸ್ ಹೊಂಟೋಯ್ತೀನಿ. ಇನ್ ನಂಗೆ ಇದೆಲ್ಲ ಆಗಲ್ಲ" ಅಂದರು.

ನನಗೆ ನಾಚಿಕೆಯಾಯಿತು. ಅವರ ಮಂಡಿಯ ವಿಷಯ ಗೊತ್ತಿದ್ದೂ ಚೊಂಬು ತುರುಕುವುದನ್ನು ನೋಡುತ್ತಾ ನಿಂತಿದ್ದೆ. ಓಡಿ ಹೋಗಿ ಚೀಲ ಇಳಿಸಿದೆ.

"ವಯಸ್ಸಲ್ಲ ಭಾವ. ನೀವು ಹೊತ್ತಿರೋದು ಹತ್ತಲ್ಲ, ಹನ್ನೆರಡು. ರೈಟ್ರು ಚೀಲದ್ದು, ಮಂಜಿಂದು ಕಳೆದವ್ರೆ."

ರೈಟರು ಅಲ್ಲೇ ಒಂದು ಬೇರಿನ ಮೇಲೆ ಕೂತರು. ಬೆರಳು ಮಡಚಿ ತಮ್ಮದನ್ನು ಲೆಕ್ಕ ಹಾಕಿದರು. "ಅಯ್ಯಯ್ಯೋ" ಅಂದರು. ಭಾವ ಅವರನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಮುಖಕ್ಕೆ ಬಣ್ಣ ವಾಪಸ್ಸು ಬಂತು. "ಇಷ್ಟ್ ವರ್ಷ ಕಳೆದಿದ್ದೆಲ್ಲ ಇವತ್ ಬೆನ್ನಿಗ್ ಬಂತಲ್ಲ ರೈಟ್ರೇ! ಲೈನಿನೋರು ನೋಡ್ಬೇಕಿತ್ತು!"

"ನಿಂಗ್ ಗೊತ್ತಿತ್ತಾ?" ಅಂದರು ನಮ್ಮನೆಯವರು ನನ್ನ ಕಡೆ ತಿರುಗಿ. "ಗೊತ್ತಿದ್ದೂ ಸುಮ್ನಿದ್ಯಾ?"

"ನೀವು ನನ್ನ ಕೇಳಿದ್ರಾ?" ಅಂದೆ.

ಚೊಂಬು ನನ್ನ ಚೀಲಕ್ಕೆ ಬಂತು, ಭಾವನ ಹೊದಿಕೆಯೂ ಬಂತು. ಸ್ಟೂಲನ್ನು ಒಂದು ಪೊದೆಯಲ್ಲಿ ಬಿಟ್ಟೆವು. ಈಗ ನನ್ನ ಬೆನ್ನಿನ ಮೇಲೆ ಹದಿನೈದರ ಹತ್ತಿರ ಇತ್ತು. ಭಾರವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಇಳಿಸುತ್ತೇನೆ ಅನ್ನುವ ಮಾತೇ ಇರಲಿಲ್ಲ. ಭಾವ ಖಾಲಿ ಕೈಯಲ್ಲಿ, ಕೋಲು ಊರಿಕೊಂಡು, ನನ್ನ ಹಿಂದೆಯೇ ಬಂದರು.

ಹನ್ನೊಂದೂವರೆಗೆ ಬಂಡೆಯ ನೆತ್ತಿಗೆ ಹತ್ತಿದೆವು. ಏನೂ ದೊಡ್ಡ ಜಾಗವಲ್ಲ. ಕೆಳಗೆ ಹಳ್ಳ, ಎದುರಿಗೆ ಶೋಲೆ ಕಾಡಿನ ಕಪ್ಪು, ಅದರಾಚೆ ಬಿಸಿಲಿಗೆ ಬೆಳ್ಳಗಾದ ಘಟ್ಟ. ಆದರೂ ನನಗೆ ಕಣ್ಣು ತುಂಬಿತು. ಅಕ್ಕನಿಗೆ ಹೇಳಬೇಕು, ಹೀಗಿದೆ ಕಣಕ್ಕಾ, ಮಧ್ಯದಲ್ಲಿ ಸ್ವಲ್ಪ ತಗ್ಗು ಬಿದ್ದಿದೆ, ಅಷ್ಟೇ, ಅಂತ ಅನ್ನಿಸಿತು. ನಾನು ಮುಖ ತೊಳೆಯುವ ನೆಪದಲ್ಲಿ ಹಳ್ಳಕ್ಕೆ ಇಳಿದೆ.

ಮೂವರೂ ಮೇಲೆ ಏನೋ ಪಿಸಪಿಸ ಮಾತಾಡಿಕೊಂಡರು. "ಹೆಂಗ್ ಮಾಡದು?" ಅನ್ನುವುದು ಕೇಳಿಸಿತು. "ಮಧ್ಯಾಹ್ನಕ್ಕೆ ಬುತ್ತೀನೇ ತಿಂದ್ರಾಯ್ತು" ಅಂದರು ನಮ್ಮನೆಯವರು. "ನಂಗಂತೂ ಬುತ್ತಿ ಸೇರಲ್ಲಪ್ಪ, ಹತ್ತಿದ್ದು ಸಾಕಾಗದೆ" ಅಂದದ್ದು ರೈಟರು. ಆಮೇಲೆ ಭಾವನ ಗಂಟಲು, ಸ್ವಲ್ಪ ಜೋರಾಗಿಯೇ: "ಇನ್ ಮುಚ್ಚಿಟ್ಟು ಏನ್ ಬಂತೋ. ಅವಳು ಬಂದಾಗದೆ. ಹಚ್ಚು ಒಲೆ."

ನಾನು ಹಳ್ಳದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಮೇಲೆ ಹತ್ತಿ ಬರುವಷ್ಟರಲ್ಲಿ ಬಂಡೆಯ ಸಂದಿಯಿಂದ ಒಂದು ಕಾವಲಿ ಹೊರಬಂದಿತ್ತು. ಎಷ್ಟೋ ವರ್ಷದ ಎಣ್ಣೆ ಕುಡಿದು ಕನ್ನಡಿಯ ಹಾಗೆ ಹೊಳೆಯುವ ಕಾವಲಿ. ಒಂದು ಪಾತ್ರೆ, ಒಂದು ಸೌಟು, ಮರದ ಒಂದು ಮಣೆ. ರೈಟರ ಚೀಲದ ಸಾಮಾನು ಅಂದರೆ ಮಿಲ್ಲಿನಿಂದ ನೇರ ತಂದ ಮೂರು ಕೆ.ಜಿ. ಅಕ್ಕಿಹಿಟ್ಟು. ರೈಟರು ಹಸಿಮೆಣಸಿನಕಾಯಿ ಸುಟ್ಟು ಕಲ್ಲಿನಲ್ಲಿ ಅರೆಯುತ್ತಿದ್ದರು. ಭಾವ ನೀರು ಕುದಿಸಿ ಹಿಟ್ಟು ಬಿಟ್ಟು, ಗಂಟಿಲ್ಲದ ಹಾಗೆ ತಿರುವಿ, ಬಿಸಿ ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಾದುತ್ತಿದ್ದರು. ನಮ್ಮನೆಯವರು, ಬೆಳಿಗ್ಗೆ ನಾನು ಏಳುವುದು ಐದು ನಿಮಿಷ ತಡವಾದರೆ ಕಾಫಿಗೆ ಅಡಿಗೆಮನೆ ಬಾಗಿಲಲ್ಲಿ ಅನಾಥರ ಹಾಗೆ ನಿಲ್ಲುವ ನಮ್ಮನೆಯವರು, ಮೊಣಕೈಯವರೆಗೆ ಅಂಗಿ ತೋಳು ಮಡಚಿ, ಬಾಳೆಲೆಯ ಮೇಲೆ ರೊಟ್ಟಿ ತಟ್ಟುತ್ತಿದ್ದರು. ಅಂಚು ಎಲ್ಲೂ ಬಿರಿಯದ ಹಾಗೆ, ಗುಂಡಗೆ, ಎಲೆ ಕಾಣುವಷ್ಟು ತೆಳ್ಳಗೆ. ಕಾವಲಿಯ ಮೇಲೆ ಒಂದು ಮಗ್ಗುಲು, ಇನ್ನೊಂದು ಮಗ್ಗುಲು, ಆಮೇಲೆ ಕೆಂಡದ ಮೇಲೆ. ರೊಟ್ಟಿ ಉಬ್ಬಿ ಕೂತಿತು. ನನ್ನ ರೊಟ್ಟಿ ಅಷ್ಟು ಚೆನ್ನಾಗಿ ಉಬ್ಬುವುದಿಲ್ಲ, ಇರುವ ಮಾತು ಹೇಳಬೇಕು.

"ಇದು ಎಷ್ಟ್ ವರ್ಷದಿಂದ?" ಅಂದೆ.

ನಮ್ಮನೆಯವರು ತಲೆ ಎತ್ತಲಿಲ್ಲ. "ಏನೋ, ಹಿಂಗೇ, ಸುಮಾರಾಗಿ..."

"ಮತ್ತೆ ನಾನ್ ಕಟ್ಟಿಕೊಡೋ ರೊಟ್ಟಿ?"

ಅಣ್ಣ ಒಲೆ ಊದತೊಡಗಿದರು, ತಮ್ಮ ರೊಟ್ಟಿ ಮಗುಚಿದರು. ಸುಳ್ಳು ಬಾರದ ರೈಟರು ಬಾಯಿ ಬಿಟ್ಟರು. "ಏಡಿಗೆ ಹಾಕ್ತೀವಿ ಕಣಮ್ಮ. ಆ ತಣ್ಣನೆ ರೊಟ್ಟಿ ಅಂದ್ರೆ ಏಡಿಗೆ ಪಂಚಪ್ರಾಣ. ಕಲ್ಲಿನ ಸಂದಿಗೆ ಒಂದ್ ಚೂರಿಟ್ರೆ ಸಾಕು, ತಾವಾಗೇ 'ಬಂದೋ' ಅಂತ ಬತ್ತವೆ."

ಹಿಂದಿನ ದಿನ ಬೆಳಗಿನಿಂದ ಕೂತು ತಟ್ಟಿದ ಐವತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಇತ್ತು. ನಾನೇ ಹೊತ್ತು ತಂದಿದ್ದೆ. ಉಣುಗು, ಆನೆ, ಹಸ, ಪಾಲಿನ ಲೆಕ್ಕ, ಹನ್ನೆರಡು ಕೆ.ಜಿ., ಎಲ್ಲದರ ಅರ್ಥ ಆ ಬಂಡೆಯ ಮೇಲೆ ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ವರ್ಷಕ್ಕೆ ಮೂರು ದಿನ ಇವರಿಗೆ ಅಡಿಗೆ ಬರುತ್ತಿತ್ತು. ಬೆಟ್ಟ ಇಳಿದರೆ ಮರೆತುಹೋಗುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ.

ನನ್ನ ಮುಖ ನೋಡಿ ನಮ್ಮನೆಯವರಿಗೆ ಗಾಬರಿಯಾಗಿರಬೇಕು. ಮುಂದಿನ ರೊಟ್ಟಿ ಕಾವಲಿಗೆ ಹಾಕುವಾಗ ಬೇಕಂತಲೇ ಅದನ್ನು ಹರಿದುಹಾಕಿದರು. "ನೋಡು, ನಂಗೆಲ್ಲಿ ಬತ್ತದೆ, ಹರಿದೇ ಹೋಯ್ತು" ಅಂದರು, ಎಲ್ಲಿಲ್ಲದ ಸಂಕಟ ತಂದುಕೊಂಡು.

"ಹರಿದಿದ್ದು ನೀವ್ ತಿನ್ನಿ" ಅಂದೆ. "ನಂಗೆ ಮುಂಚೆ ಮಾಡಿದ್ರಲ್ಲ, ಅಂಥದ್ದು ಹಾಕಿ."

ಕೂತೆ. ಕೈ ನೀಡಿ ಯಾರಿಗೂ ಏನನ್ನೂ ಎತ್ತಿ ಕೊಡಲಿಲ್ಲ, ಒಲೆಯ ಬೆಂಕಿ ಸರಿ ಮಾಡಲಿಲ್ಲ. ಕೈಗಳು ತಾವಾಗೇ ಏಳುತ್ತಿದ್ದವು, ತೊಡೆಯ ಕೆಳಗೆ ಇಟ್ಟುಕೊಂಡೆ. ಭಾವ ನನ್ನ ಮುಂದೆ ಎಲೆ ಹಾಸಿದರು. ಹಾಸಿ, ಅದರ ಮೇಲಿನ ನೀರನ್ನು ಅಂಗೈಯಲ್ಲಿ ಒರೆಸುತ್ತಾ, ಹಳ್ಳದ ಕಡೆ ಮುಖ ಮಾಡಿ ಹೇಳಿದರು.

"ನಿಮ್ಮಕ್ಕಂಗೆ ಒಂದ್ ದಿನ ಮಾಡ್ಕೊಡ್ಬೇಕಿತ್ತು ಕಣಮ್ಮ. ನಾಳೆ ನಾಳೆ ಅಂತ ಹೋಗ್ಬುಡ್ತು."

ಬೈಯಬೇಕು ಅಂತ ನಾಲಿಗೆ ತುದಿಗೆ ತಂದುಕೊಂಡಿದ್ದೆಲ್ಲ ಅಲ್ಲೇ ಕರಗಿತು. ಆ ಹೊತ್ತಿಗೆ ಕೆಂಡದಿಂದ ಎದ್ದ ರೊಟ್ಟಿ ನನ್ನ ಎಲೆಗೆ ಬಂದು ಬಿತ್ತು, ಉಬ್ಬಿದ್ದು ಇನ್ನೂ ಇಳಿದಿರಲಿಲ್ಲ. ಬೆರಳು ತಾಗಿಸಿದರೆ ಸುಟ್ಟಿತು. ಮುರಿದೆ, ಒಳಗಿನಿಂದ ಹಬೆ ಎದ್ದು ಮುಖಕ್ಕೆ ಬಡಿಯಿತು. ನಮ್ಮ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಒಲೆ ಆರಿಸಿ ನಾನು ಊಟಕ್ಕೆ ಕೂರುವುದು. ಮದುವೆಯಾದ ಮೇಲೆ ನಾನು ಬಿಸಿ ರೊಟ್ಟಿ ತಿಂದದ್ದು ಅವತ್ತೇ ಮೊದಲು.

ಆರು ತಿಂದೆ. ಏಳನೆಯದಕ್ಕೆ ನಮ್ಮನೆಯವರು ಹಿಟ್ಟು ತೆಗೆದುಕೊಳ್ಳುತ್ತಾ, "ಸಾಕಾ?" ಅಂತ ಮೆತ್ತಗೆ ಕೇಳಿದರು. "ತಟ್ಟಿ" ಅಂದೆ.